ಕುದುರೆಯ ದನಿಗೆ ಎಷ್ಟು ಹೆಸರು?

ನಾನು ಕಲಿತದ್ದು ಎರಡು ಶಾಲೆಗಳಲ್ಲಿ. ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆ, ಅಲ್ಲಿಂದ ಮುಂದೆ ಕನ್ನಡ ಶಾಲೆ. ಉರ್ದು ಶಾಲೆಯ ಉಸ್ತಾದರು ಪ್ರಾಣಿಗಳ ಕೂಗುಗಳನ್ನು ಬಾಯಿಪಾಠ ಮಾಡಿಸುವಾಗ ಕುದುರೆ ‘ಹಿನ್‌ಹಿನಾತಾ ಹೈ’ ಎಂದು ಹೇಳಿಕೊಟ್ಟಿದ್ದರು. ಐದನೇ ತರಗತಿಗೆ ಬಂದ ಮೇಲೆ ಕನ್ನಡ ಮೇಷ್ಟ್ರು ಆನೆ ಘೀಳಿಡುತ್ತದೆ, ಸಿಂಹ ಗರ್ಜಿಸುತ್ತದೆ, ಕುದುರೆ ಕೆನೆಯುತ್ತದೆ ಎಂದು ಬರೆಸಿದರು. ನನಗೆ ದಿಗಿಲಾಯಿತು. ಮನೆಯ ಹಿಂದಿನ ತಟ್ಟಿಯಲ್ಲಿ ನಮ್ಮ ನಾನಾ ಕಟ್ಟುತ್ತಿದ್ದ ಜಟಕಾ ಕುದುರೆ ಒಂದೇ. ಅದು ಉರ್ದುವಿನಲ್ಲಿ ಒಂದು ರೀತಿ, ಕನ್ನಡದಲ್ಲಿ ಇನ್ನೊಂದು ರೀತಿ ಕೂಗಲು ಹೇಗೆ ಸಾಧ್ಯ?

ಸಂಜೆ ನಾನಾರನ್ನು ಕೇಳಿದೆ. ಅವರು ಓದು ಬರಹ ಬಲ್ಲವರಲ್ಲ. ಕುದುರೆಯ ಮೈ ಉಜ್ಜುತ್ತಾ, “ಯಾವಾಗ ಕೂಗೋದು ಕೇಳ್ತೀ?” ಎಂದು ನನ್ನನ್ನೇ ತಿರುಗಿ ಕೇಳಿದರು. ಅವರ ದಖನಿ ಮಾತಿನಲ್ಲಿ ಕುದುರೆಯ ದನಿಗೆ ಮೂರು ಹೆಸರಿದ್ದವು. ದೂರದಲ್ಲಿ ಇನ್ನೊಂದು ಕುದುರೆ ಕಂಡಾಗ ಅದು ‘ಚಿಲ್ಲಾರಾ’. ಸಿಟ್ಟು ಬಂದಾಗ ಅಥವಾ ಬೆದರಿದಾಗ ‘ನಾಕ್ ಝಾಡ್‌ರಾ’. ಬೆಳಗಿನ ಜಾವ ಅವರು ಹುರುಳಿಯ ಬಕೆಟ್ ಹಿಡಿದು ತಟ್ಟಿಯ ಕಡೆ ಹೋಗುವಾಗ ತುಟಿ ಬಿಚ್ಚದೆ ಎದೆಯೊಳಗಿಂದ ಹೊರಡಿಸುವ ಮೆದು ದನಿಗೆ ‘ಬುಲಾರಾ’ – ಕರೆಯುತ್ತಿದೆ. ನಮ್ಮ ಎರಡೂ ಪಠ್ಯಪುಸ್ತಕಗಳಲ್ಲಿ ಒಂದೊಂದೇ ಪದವಿತ್ತು, ಅಕ್ಷರ ಕಾಣದ ಮುದುಕನ ಬಳಿ ಮೂರಿದ್ದವು.

ಎಷ್ಟೋ ವರ್ಷಗಳ ಮೇಲೆ ಅರಬೀ ನಿಘಂಟುಗಳ ಬಗ್ಗೆ ಓದುವಾಗ ನಾನಾರ ಆ ಮೂರು ಹೆಸರುಗಳು ನನ್ನೆದುರು ಮತ್ತೆ ಬಂದು ನಿಂತವು. ಸಾವಿರ ವರ್ಷಗಳ ಹಿಂದೆ ಕುದುರೆಯ ದನಿಯನ್ನು ಹೀಗೆಯೇ ಬಿಡಿಸಿ ಬಿಡಿಸಿ ಬರೆದಿಟ್ಟ ವಿದ್ವಾಂಸರಿದ್ದರು. ಅವರು ಮತ್ತು ಅವರು ಸಂಗ್ರಹಿಸಿದ ಪದಗಳು ಈ ಲೇಖನದ ವಿಷಯ.

ಖುರಾಸಾನಿನ ನೈಸಾಪುರದಲ್ಲಿ 961ರಲ್ಲಿ ಹುಟ್ಟಿ 1038ರಲ್ಲಿ ತೀರಿಕೊಂಡ ಅಬೂ ಮನ್ಸೂರ್ ಸಆಲಿಬಿ ‘ಫಿಕ್ಹುಲ್ ಲುಗಃ’ ಎಂಬ ಗ್ರಂಥ ಬರೆದರು. ಅದು ಅಕಾರಾದಿಯಾಗಿ ಜೋಡಿಸಿದ ನಿಘಂಟಲ್ಲ. ಒಂದೇ ಬಗೆಯ ವಸ್ತುಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳಿಗೆ ಇರುವ ಹೆಸರುಗಳನ್ನು ಗುಂಪು ಗುಂಪಾಗಿ ಕೊಡುವ ಗ್ರಂಥ. ಅದರಲ್ಲಿ ಕುದುರೆಯ ಸದ್ದುಗಳಿಗೆಂದೇ ಒಂದು ಭಾಗವಿದೆ. ಕುದುರೆ ಸಾಮಾನ್ಯವಾಗಿ ಗಟ್ಟಿಯಾಗಿ ಕೂಗುವುದು ‘ಸಹೀಲ್’. ಓಡುವಾಗ ಅದರ ಉಸಿರಿನಿಂದ ಹೊರಡುವ ಸದ್ದು ‘ದಬ್ಹ್’. ಯಾವುದನ್ನಾದರೂ ಕಂಡು ಬೆದರಿದಾಗ ಅಥವಾ ಒಲ್ಲೆನೆಂದಾಗ ಮೂಗಿನ ಹೊಳ್ಳೆಯಿಂದ ಗಂಟಲಿಗೆ ಎಳೆದುಕೊಳ್ಳುವ ಸದ್ದು ‘ಕಬ್ಅ್’. ಮೇವು ಬೇಡುವಾಗ ಇಲ್ಲವೆ ತನ್ನ ಒಡೆಯನನ್ನು ಕಂಡು ಸಲಿಗೆಯಿಂದ ಹೊರಡಿಸುವ ಮೆದುದನಿ ‘ಹಮ್‌ಹಮಃ’. ಓಡುವ ಕುದುರೆಯ ಹೊಟ್ಟೆಯ ಕಡೆಯಿಂದ ಕೇಳುವ ಸದ್ದಿಗೂ ಅರಬರು ‘ಖದೀಅಃ’ ಎಂಬ ಪದ ಇಟ್ಟುಕೊಂಡಿದ್ದರು. ನಾನಾರ ‘ಬುಲಾರಾ’ ಸಆಲಿಬಿಯವರ ‘ಹಮ್‌ಹಮಃ’ ಅಲ್ಲದೆ ಬೇರೇನೂ ಅಲ್ಲ. ಇಬ್ಬರೂ ಅದನ್ನು ಮೇವು ಮತ್ತು ಒಡೆಯ ಎಂಬ ಎರಡು ಸಂದರ್ಭಗಳ ಜೊತೆಗೇ ಹೇಳಿದ್ದರು.

ಇಷ್ಟೊಂದು ಪದಗಳು ಯಾಕೆ ಬೇಕಾದವು? ಮರುಭೂಮಿಯಲ್ಲಿ ಕಿವಿ ಕಣ್ಣಿಗಿಂತ ಮುಂದೆ ಹೋಗುತ್ತದೆ. ರಾತ್ರಿಯ ಕತ್ತಲಲ್ಲಿ ಗುಡಾರದ ಹೊರಗೆ ಕಟ್ಟಿದ ಕುದುರೆ ಹೊರಡಿಸುವ ದನಿ ಹಸಿವಿನದೋ, ಹತ್ತಿರ ಬರುತ್ತಿರುವ ಅಪರಿಚಿತ ಕುದುರೆಯ ವಾಸನೆಯದೋ ಎಂದು ತಿಳಿಯದವನ ಹಟ್ಟಿ ಬೆಳಗಾಗುವುದರೊಳಗೆ ಸೂರೆಹೋಗಬಹುದು. ಹಳೆಯ ಅರಬರು ರಾತ್ರಿಯ ದಾಳಿಗೆ ಹೆಣ್ಣು ಕುದುರೆಯನ್ನೇ ಬಯಸುತ್ತಿದ್ದರು. ಕಾರಣ ಸರಳ, ಅದು ಗಂಡು ಕುದುರೆಯಷ್ಟು ಕೆನೆಯುವುದಿಲ್ಲ. ಖಾಲಿದ್ ಬಿನ್ ವಲೀದ್(ರ) ಯುದ್ಧಕ್ಕೆ ಹೆಣ್ಣು ಕುದುರೆಯನ್ನೇ ಏರುತ್ತಿದ್ದರು, ಅದಕ್ಕೆ ಇದೇ ಕಾರಣ ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಒಂದು ಕೆನೆತದಿಂದ ಇಡೀ ತಂಡ ಸಿಕ್ಕಿಬೀಳುವ ಲೋಕದಲ್ಲಿ ಕೆನೆತದ ಬಗೆಗಳಿಗೆ ಹೆಸರಿಡುವುದು ಜೀವ ಉಳಿಸುವ ವಿದ್ಯೆಯಾಗಿತ್ತು.

ಅದೇ ಸದ್ದು ಸಿರಿತನದ ಅಳತೆಯೂ ಹೌದು. ಹನ್ನೊಂದು ಹೆಂಗಸರು ಕೂತು ತಂತಮ್ಮ ಗಂಡಂದಿರ ಗುಣದೋಷ ಹೇಳಿಕೊಳ್ಳುವ ಒಂದು ದೀರ್ಘ ಪ್ರಸಂಗ ಆಯಿಶಾ(ರ) ಅವರ ವರದಿಯಾಗಿ ಬುಖಾರಿಯಲ್ಲಿದೆ. ಅವರಲ್ಲಿ ಉಮ್ಮು ಝರ್ಅ್ ಎಂಬ ಹೆಂಗಸು ತನ್ನ ಗಂಡನ ಔದಾರ್ಯ ಹೊಗಳುವಾಗ, ನಾಲ್ಕು ಕುರಿಗಳಿದ್ದ ಬಡವರ ಮನೆಯಿಂದ ತನ್ನನ್ನು ತಂದು ಆತ ಎಂಥ ಮನೆಗೆ ಸೇರಿಸಿದನೆಂದು ಹೇಳುತ್ತಾಳೆ. ಅವಳು ಚಿನ್ನದ ಲೆಕ್ಕ ಕೊಡುವುದಿಲ್ಲ, ಸದ್ದುಗಳ ಲೆಕ್ಕ ಕೊಡುತ್ತಾಳೆ. ಅದು ಕುದುರೆಗಳ ಸಹೀಲ್ ಇದ್ದ ಮನೆ, ಒಂಟೆಯ ಹೇರಿನ ಕಿರುಗುಟ್ಟುವಿಕೆ ಇದ್ದ ಮನೆ, ಕಣದಲ್ಲಿ ಧಾನ್ಯ ತುಳಿಸುವ ಮನೆ. ಕಿವಿಯಿಂದಲೇ ಒಂದು ಮನೆತನದ ಅಂತಸ್ತನ್ನು ಅಳೆಯುವ ಈ ಹೆಣ್ಣಿನ ಮಾತನ್ನು ಓದುವಾಗ ನಮ್ಮ ಹಳ್ಳಿಗಳ ಅಜ್ಜಿಯರೇ ನೆನಪಾಗುತ್ತಾರೆ.

ಪ್ರವಾದಿವರ್ಯರ(ಸ) ಕುದುರೆಗಳಿಗೆಲ್ಲ ಹೆಸರಿದ್ದವು. ಸಕ್ಬ್, ಲಿಝಾಝ್, ಲುಹೈಫ್ ಮುಂತಾದ ಆ ಹೆಸರುಗಳ ನಡುವೆ ‘ಮುರ್ತಜಿಝ್’ ಎಂಬುದೂ ಒಂದು. ‘ರಜಝ್’ ಎಂಬುದು ಅರಬೀ ಕಾವ್ಯದ ಒಂದು ಸರಳ ಛಂದಸ್ಸು. ಒಂಟೆ ನಡೆಸುವವರೂ ಯುದ್ಧದ ಕಣದಲ್ಲಿ ನಿಂತವರೂ ಆಶುವಾಗಿ ಹಾಡುತ್ತಿದ್ದ ಧಾಟಿ ಅದು. ಆ ಕುದುರೆಯ ಕೆನೆತ ಎಷ್ಟು ಚೆಂದವಿತ್ತೆಂದರೆ ಅದು ರಜಝ್ ಹಾಡಿದಂತೆ ಕೇಳುತ್ತಿತ್ತಂತೆ, ಹಾಗಾಗಿ ಅದಕ್ಕೆ ‘ರಜಝ್ ಹಾಡುವವನು’ ಎಂಬ ಹೆಸರು ಬಂತು. ಈ ಕುದುರೆಗೆ ಇನ್ನೂ ಒಂದು ಪ್ರಸಂಗ ತಳಕು ಹಾಕಿಕೊಂಡಿದೆ. ಪ್ರವಾದಿಯವರು(ಸ) ಅದನ್ನು ಒಬ್ಬ ಬದವಿಯಿಂದ ಕೊಂಡು, ಹಣ ಕೊಡಲು ಅವನನ್ನು ಜೊತೆಗೆ ಕರೆದುಕೊಂಡು ಹೊರಟಿದ್ದರು. ವ್ಯಾಪಾರ ಮುಗಿದದ್ದು ತಿಳಿಯದ ಜನ ದಾರಿಯಲ್ಲಿ ಹೆಚ್ಚಿನ ಬೆಲೆ ಕೇಳತೊಡಗಿದರು. ಬದವಿ ಆಸೆಗೆ ಬಿದ್ದು, ತಾನು ಮಾರಿಯೇ ಇಲ್ಲ, ಸಾಕ್ಷಿ ಇದ್ದರೆ ತನ್ನಿ ಎಂದ. ಆಗ ಮುಂದೆ ಬಂದು ಸಾಕ್ಷಿ ನುಡಿದವರು ಖುಝೈಮಾ ಬಿನ್ ಸಾಬಿತ್(ರ). ವ್ಯಾಪಾರದ ಹೊತ್ತಿಗೆ ಅಲ್ಲಿರದ ನೀವು ಹೇಗೆ ಸಾಕ್ಷಿ ಹೇಳುತ್ತೀರಿ ಎಂದು ಪ್ರವಾದಿಯವರು(ಸ) ಕೇಳಿದಾಗ, ತಮ್ಮನ್ನು ಸತ್ಯವಂತರೆಂದು ನಂಬಿದ್ದೇ ನನ್ನ ಸಾಕ್ಷ್ಯ ಎಂಬರ್ಥದ ಉತ್ತರ ಕೊಟ್ಟರು. ಅಂದಿನಿಂದ ಅವರೊಬ್ಬರ ಸಾಕ್ಷ್ಯ ಇಬ್ಬರ ಸಾಕ್ಷ್ಯಕ್ಕೆ ಸಮವೆಂದಾಯಿತು.

ಸದ್ದಿನ ಒಂದು ಪದದ ಮೇಲೆ ಕುರ್‌ಆನಿನ ವ್ಯಾಖ್ಯಾನವೇ ನಿಂತ ಸಂದರ್ಭವೂ ಉಂಟು. ನೂರನೆಯ ಅಧ್ಯಾಯವಾದ ‘ಅಲ್ ಆದಿಯಾತ್’ ಓಡುವ ಪ್ರಾಣಿಗಳ ಆಣೆಯೊಂದಿಗೆ ಆರಂಭವಾಗುತ್ತದೆ. ಅವುಗಳ ಓಟದ ವರ್ಣನೆಯಲ್ಲಿ ಬರುವ ಪದವೇ ‘ದಬ್ಹ್’. ಉರ್ದು ಉಚ್ಚಾರಣೆಯಲ್ಲಿ ಇದು ಪ್ರಾಣಿ ಕೊಯ್ಯುವ ‘ಝಬ್ಹ್’ನಂತೆ ಕೇಳಿಸಿದರೂ ಎರಡೂ ಬೇರೆ ಬೇರೆ ಅಕ್ಷರಗಳಿಂದಾದ ಪದಗಳು. ಇಲ್ಲಿ ಓಡುತ್ತಿರುವುದು ಯಾವ ಪ್ರಾಣಿ? ಕಅಬಾದ ಬಳಿ ಕುಳಿತಿದ್ದ ಇಬ್ನು ಅಬ್ಬಾಸ್(ರ) ಅವರನ್ನು ಒಬ್ಬ ಹೀಗೆ ಕೇಳಿದಾಗ ಅವರು ಯುದ್ಧದ ಕುದುರೆಗಳೆಂದರು. ಅವನೇ ಹೋಗಿ ಹಝ್ರತ್ ಅಲಿ(ರ) ಅವರನ್ನು ಕೇಳಿದ. ಅಲಿಯವರು ಇಬ್ನು ಅಬ್ಬಾಸರನ್ನು ಕರೆಸಿ, ಇಸ್ಲಾಮಿನ ಮೊದಲ ಯುದ್ಧ ಬದ್ರ್, ಅಲ್ಲಿ ನಮ್ಮ ಬಳಿ ಇದ್ದದ್ದು ಎರಡೇ ಕುದುರೆ, ಒಂದು ಝುಬೈರ್ ಅವರದು, ಇನ್ನೊಂದು ಮಿಕ್ದಾದ್ ಅವರದು, ಹೀಗಿರುವಾಗ ಇವು ಕುದುರೆಗಳು ಹೇಗಾಗುತ್ತವೆ, ಇವು ಅರಫಾದಿಂದ ಮುಝ್ದಲಿಫಾಕ್ಕೆ ಹೋಗುವ ಹಜ್ಜಿನ ಒಂಟೆಗಳು ಎಂದು ತಿಳಿಸಿದರೆಂದು ತಬರಿಯ ವ್ಯಾಖ್ಯಾನದಲ್ಲಿದೆ. ಇಬ್ನು ಅಬ್ಬಾಸರು ಆ ಮಾತಿಗೆ ತಲೆಬಾಗಿದರೆಂದೂ ಆ ವರದಿ ಹೇಳುತ್ತದೆ.

ಆದರೂ ಮುಂದಿನ ಹೆಚ್ಚಿನ ವ್ಯಾಖ್ಯಾನಕಾರರು ಕುದುರೆಯ ಅರ್ಥವನ್ನೇ ಉಳಿಸಿಕೊಂಡರು. ಅದಕ್ಕೆ ಅವರು ಕೊಟ್ಟ ಕಾರಣ ಸದ್ದಿನದು. ಒಂಟೆ ಓಡುವಾಗ ಹೊರಡಿಸುವ ಉಸಿರಿಗೆ ಅರಬರು ‘ದಬ್ಹ್’ ಎನ್ನುವುದಿಲ್ಲ. ಗೊರಸಿನಿಂದ ಕಿಡಿ ಹಾರಿಸುವುದೂ ಕುದುರೆಯ ಗುಣವೇ. ಹೀಗೆ ಒಂದು ಕಡೆ ಇತಿಹಾಸ, ಇನ್ನೊಂದು ಕಡೆ ಭಾಷೆ ನಿಂತು ವಾದಿಸಿದವು. ಎರಡೂ ಅಭಿಪ್ರಾಯಗಳನ್ನು ಒಂದೇ ಪುಟದಲ್ಲಿ ಪಕ್ಕಪಕ್ಕದಲ್ಲಿ ಬರೆದಿಡುವ ದೊಡ್ಡ ಮನಸ್ಸು ಹಿಂದಿನ ಉಲಮಾಗಳಿಗಿತ್ತು. ಒಂದು ಪದದ ಅರ್ಥಕ್ಕಾಗಿ ಇಷ್ಟು ತಾಳ್ಮೆಯಿಂದ ಭಿನ್ನಮತ ನಡೆಸಿದವರ ವಾರಸುದಾರರು ನಾವು ಎಂಬುದು ಈಗಿನ ನಮ್ಮ ಜಗಳಗಳನ್ನು ನೋಡಿದಾಗ ನಂಬಲು ಕಷ್ಟವಾಗುತ್ತದೆ.

ಕುರ್‌ಆನಿನ ಒಂದೊಂದು ಪದವನ್ನೂ ಸರಿಯಾಗಿ ತಿಳಿಯಬೇಕೆಂಬ ಈ ತವಕವೇ ಎಂಟು ಮತ್ತು ಒಂಬತ್ತನೇ ಶತಮಾನದ ಬಸ್ರಾ ನಗರದಲ್ಲಿ ಪದ ಸಂಗ್ರಹದ ದೊಡ್ಡ ಪರಂಪರೆಯನ್ನು ಬೆಳೆಸಿತು. ನಗರ ಸೇರಿದ ಅರಬರ ಮಕ್ಕಳು ಮರುಭೂಮಿಯ ಮಾತನ್ನು ಮರೆಯುತ್ತಿದ್ದರು. ವಿದ್ವಾಂಸರು ಬದವಿಗಳನ್ನು ಹುಡುಕಿಕೊಂಡು ಹೋಗಿ ಒಂಟೆ, ಕುದುರೆ, ಗಿಡ, ಮಳೆ, ಬಾವಿಗಳ ಹೆಸರುಗಳನ್ನು ಕೇಳಿ ಬರೆದುಕೊಂಡರು. ಅವರಲ್ಲಿ ಇಬ್ಬರು ಪ್ರತಿಸ್ಪರ್ಧಿಗಳು ಪ್ರಸಿದ್ಧರು, ಅಬೂ ಉಬೈದಾ ಮತ್ತು ಅಸ್ಮಯೀ. ಇಬ್ಬರೂ ಸರಿಸುಮಾರು 825ರ ಆಸುಪಾಸಿನಲ್ಲಿ ತೀರಿಕೊಂಡವರು. ಇಬ್ಬರೂ ‘ಕಿತಾಬುಲ್ ಖೈಲ್’, ಅಂದರೆ ಕುದುರೆಯ ಗ್ರಂಥ, ಎಂಬ ಹೆಸರಿನಲ್ಲೇ ಬರೆದರು.

ಇವರಿಬ್ಬರ ಬಗ್ಗೆ ಹದಿಮೂರನೇ ಶತಮಾನದ ಇಬ್ನು ಖಲ್ಲಿಕಾನ್ ತಮ್ಮ ಜೀವನಚರಿತ್ರೆಗಳ ಕೋಶದಲ್ಲಿ ಒಂದು ಪ್ರಸಂಗ ದಾಖಲಿಸಿದ್ದಾರೆ. ಖಲೀಫ ಹಾರೂನ್ ರಶೀದರ ವಝೀರ ಫಝಲ್ ಬಿನ್ ರಬೀಅ್ ಅವರಿಬ್ಬರನ್ನೂ ಕರೆಸಿ, ಕುದುರೆಯ ಮೇಲೆ ನಿಮ್ಮ ಪುಸ್ತಕ ಎಷ್ಟು ಸಂಪುಟ ಎಂದು ಕೇಳಿದ. ಅಸ್ಮಯೀ ಒಂದು ಎಂದರು. ಅಬೂ ಉಬೈದಾ ಐವತ್ತು ಎಂದರು. ವಝೀರ ಒಂದು ಕುದುರೆಯನ್ನು ತರಿಸಿ, ಇದರ ಒಂದೊಂದು ಅಂಗವನ್ನೂ ಮುಟ್ಟಿ ಹೆಸರು ಹೇಳಿ ಎಂದು ಅಬೂ ಉಬೈದಾರಿಗೆ ಸೂಚಿಸಿದ. ತಾನೇನು ಪಶುವೈದ್ಯನಲ್ಲ, ಇದೆಲ್ಲ ಅರಬರಿಂದ ಕೇಳಿ ಬರೆದುಕೊಂಡದ್ದು ಎಂದು ಅವರು ಕುಳಿತೇ ಇದ್ದರು. ಅಸ್ಮಯೀ ಎದ್ದು ಹೋಗಿ ಕುದುರೆಯ ಮುಂಗೂದಲು ಹಿಡಿದುಕೊಂಡು, ಒಂದೊಂದೇ ಅಂಗದ ಮೇಲೆ ಕೈಯಿಡುತ್ತಾ, ಅದರ ಹೆಸರು ಹೇಳುತ್ತಾ, ಆ ಹೆಸರು ಬರುವ ಹಳೆಯ ಪದ್ಯಗಳನ್ನು ಹಾಡುತ್ತಾ ಗೊರಸಿನವರೆಗೂ ಇಳಿದರು. ಕುದುರೆ ಅವರಿಗೇ ಬಹುಮಾನವಾಯಿತು. ಆಮೇಲೆ ಅಬೂ ಉಬೈದಾರನ್ನು ರೇಗಿಸಬೇಕೆನಿಸಿದಾಗಲೆಲ್ಲ ಅಸ್ಮಯೀ ಅದೇ ಕುದುರೆ ಏರಿ ಅವರ ಮನೆಗೆ ಹೋಗುತ್ತಿದ್ದರಂತೆ!

ಈ ಕತೆ ನಗಿಸುತ್ತದೆ ನಿಜ. ಆದರೆ ಅಬೂ ಉಬೈದಾರ ಮೇಲೆ ನನಗೆ ಕನಿಕರವೂ ಇದೆ. ಅವರು ಹುಟ್ಟಿನಿಂದ ಅರಬರಲ್ಲ, ಅರಬರೇತರ ಮೂಲದ ಕುಟುಂಬದವರು. ಇನ್ನೊಬ್ಬರ ಭಾಷೆಯ ಐವತ್ತು ಸಂಪುಟದಷ್ಟು ಪದಗಳನ್ನು ಪ್ರೀತಿಯಿಂದ ಕೂಡಿಸಿಟ್ಟ ಮನುಷ್ಯ. ಅವರ ಕುದುರೆ ಗ್ರಂಥ ಇಂದಿಗೂ ಉಳಿದು ಬಂದಿದೆ. ಕೈಯಿಂದ ಬಲ್ಲವರು ಸತ್ತುಹೋದ ಮೇಲೆ ಬರೆದಿಟ್ಟವರೇ ನಮಗೆ ಗತಿ.

‘ಹಮ್‌ಹಮಃ’ ಎಂಬ ಮೆದುದನಿಯ ಪದಕ್ಕೆ ಅರಬೀ ಸಾಹಿತ್ಯದಲ್ಲಿ ಎರಡು ದೊಡ್ಡ ನೆಲೆಗಳಿವೆ. ಮೊದಲನೆಯದು ಇಸ್ಲಾಮಿಗೆ ಹಿಂದಿನ ಆರನೇ ಶತಮಾನದ ಕವಿ ಅಂತರನದು. ಅವನ ತಾಯಿ ಝಬೀಬಾ ಕಪ್ಪು ಗುಲಾಮ ಹೆಣ್ಣು. ತಂದೆ ಅಬ್ಸ್ ಬುಡಕಟ್ಟಿನವನಾದರೂ ಯುದ್ಧದಲ್ಲಿ ಮಗನ ತೋಳ್ಬಲ ಬೇಕಾಗುವವರೆಗೆ ಅವನನ್ನು ಮಗನೆಂದು ಒಪ್ಪಲಿಲ್ಲವೆಂದು ಪರಂಪರೆ ಹೇಳುತ್ತದೆ. ಅವನು ಹೋರಾಡಿದ ದಾಹಿಸ್ ಮತ್ತು ಗಬ್ರಾ ಯುದ್ಧಕ್ಕೆ ಆ ಹೆಸರು ಬಂದದ್ದೇ ಎರಡು ಕುದುರೆಗಳಿಂದ. ಒಂದು ಕುದುರೆ ಪಂದ್ಯದ ಮೋಸ ಎರಡು ಬಂಧು ಬುಡಕಟ್ಟುಗಳನ್ನು ದಶಕಗಟ್ಟಲೆ ಕೊಲೆಗಳಿಗೆ ದೂಡಿತ್ತು. ಅಂತರನ ಮುಅಲ್ಲಕದಲ್ಲಿ ಈಟಿಗಳ ನಡುವೆ ಗಾಯಗೊಂಡ ಕುದುರೆ ಅವನ ಕಡೆ ತಿರುಗಿ, ಕಣ್ಣೀರಿನೊಂದಿಗೆ ದೂರು ಹೇಳುತ್ತದೆ. ಅಲ್ಲಿ ಕವಿ ಬಳಸಿರುವುದು ಕೂಗುವ ಸಹೀಲ್ ಅಲ್ಲ, ಹಮ್‌ಹಮಃ. ಮೇವು ಕೇಳುವ, ಒಡೆಯನನ್ನು ಕರೆಯುವ ದನಿ. ತನ್ನ ಮಾತನ್ನು ಯಾರೂ ಕೇಳದ ಕಾಲವನ್ನು ಕಂಡಿದ್ದ ಗುಲಾಮಳ ಮಗನಿಗೆ ಮಾತು ಬಾರದ ಪ್ರಾಣಿಯ ದೂರು ಕೇಳಿಸಿದ್ದು ಆಶ್ಚರ್ಯವಲ್ಲ.

ಎರಡನೆಯದು ಕರ್ಬಲಾ. 680ರ ಅಕ್ಟೋಬರ್ ತಿಂಗಳಲ್ಲಿ, ಮೊಹರಂ ಹತ್ತನೆಯ ದಿನ ಇಮಾಮ್ ಹುಸೈನ್(ರ) ಹುತಾತ್ಮರಾದ ಮೇಲೆ ಅವರ ಕುದುರೆ ಬರಿದಾದ ಜೀನು ಹೊತ್ತು ಹೆಂಗಸರು ಮಕ್ಕಳಿದ್ದ ಗುಡಾರಗಳ ಕಡೆಗೆ ಓಡಿ ಬಂತು ಎಂಬುದು ಪರಂಪರೆಯ ಕಥನ. ಝುಲ್‌ಜನಾಹ್ ಎಂದು ಲೋಕ ಅದನ್ನು ಕರೆಯುತ್ತದೆ. ಶಿಯಾ ಬಾಂಧವರು ಓದುವ ‘ಝಿಯಾರತೆ ನಾಹಿಯಾ’ದಲ್ಲಿ ಆ ಕುದುರೆ ಅಳುತ್ತಾ ಬಂದ ರೀತಿಗೆ ಬಳಸಿರುವ ಪದವೂ ಇದೇ ಹಮ್‌ಹಮಃ ಧಾತುವಿನದು. ಮರಸಿಯಾ ಬರೆದ ಮೀರ್ ಅನೀಸರಂಥವರ ಮೂಲಕ ಉರ್ದುವಿಗೂ ಆ ಕುದುರೆ ಬಂತು. ಒಡೆಯನನ್ನು ಕಂಡು ಹೊರಡಿಸಬೇಕಾದ ದನಿಯನ್ನು ಒಡೆಯನಿಲ್ಲದೆ ಹೊತ್ತು ತಂದ ಕುದುರೆಯ ಚಿತ್ರಕ್ಕೆ ‘ಕೂಗಿತು’ ಎಂಬ ಪದ ಸಾಲುತ್ತಿರಲಿಲ್ಲ. ಪದಗಳ ಸೂಕ್ಷ್ಮ ಯಾಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಅರಬರ ಕುದುರೆ ನಮ್ಮ ನಾಡಿಗೂ ಬಂದಿತು. ನಮ್ಮ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟಿ ಬೆಳೆಯುವುದು ಕಷ್ಟವಾಗಿದ್ದರಿಂದ ದಕ್ಷಿಣದ ಅರಸರು ಶತಮಾನಗಳ ಕಾಲ ಹೊರ್ಮುಝ್, ಏಡನ್ ಕಡೆಯಿಂದ ಹಡಗುಗಳಲ್ಲಿ ಕುದುರೆ ತರಿಸಿದರು. ಹದಿಮೂರನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ಮಅಬರನ್ನು ಕಂಡ ಮಾರ್ಕೊ ಪೋಲೊ ಒಂದು ಕಹಿ ಸಂಗತಿ ಬರೆದಿದ್ದಾನೆ. ವ್ಯಾಪಾರಿಗಳು ಕುದುರೆಗಳನ್ನು ತರುತ್ತಿದ್ದರು, ಆದರೆ ಲಾಳ ಹೊಡೆಯುವವರನ್ನೂ ಕುದುರೆ ವೈದ್ಯರನ್ನೂ ಬರಗೊಡುತ್ತಿರಲಿಲ್ಲ. ಆರೈಕೆ ಗೊತ್ತಿಲ್ಲದೆ ಕುದುರೆಗಳು ಸತ್ತಷ್ಟೂ ಅವರಿಗೆ ಮಾರಾಟ. ಕುದುರೆಯನ್ನು ಮಾರಿದರು, ಕುದುರೆಯ ಭಾಷೆಯನ್ನು ಮಾರಲಿಲ್ಲ.

ವಿಜಯನಗರದಲ್ಲಿ ಈ ವ್ಯಾಪಾರ ಇನ್ನೂ ದೊಡ್ಡದಾಯಿತು. 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅರಸರು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದರೆಂದು ಬರೆಯುತ್ತಾನೆ. ಸಾಳುವ ನರಸಿಂಹನಂತೂ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆ ಕೊಡುತ್ತಿದ್ದನಂತೆ. ಭಟ್ಕಳದ ಬಂದರಿನಿಂದ ಘಟ್ಟ ಹತ್ತಿ ಹಂಪಿಗೆ ಹೋದ ಕುದುರೆಗಳನ್ನು ಅವುಗಳನ್ನು ಹಿಡಿದ ಪರದೇಶಿಗಳ ಸಮೇತ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಇಂದಿಗೂ ನೋಡಬಹುದು. ಬಹಮನಿಗಳ ಬೀದರಿಗೆ ರಷ್ಯಾದ ಅಫನಾಸಿ ನಿಕಿಟಿನ್ ಬಂದದ್ದೂ ಹದಿನೈದನೇ ಶತಮಾನದಲ್ಲಿ ಒಂದೇ ಒಂದು ಕುದುರೆಯನ್ನು ಮಾರುವ ಆಸೆಯಿಂದ.

ಕುದುರೆ ಇಳಿದ ಬಂದರಿನಲ್ಲಿ ಕಾಲಕ್ರಮದಲ್ಲಿ ಪದಗಳೂ ಇಳಿದವು. ಲಗಾಮು, ಜೀನು, ರಿಕಾಪು, ಸವಾರ ಇವೆಲ್ಲ ಪಾರ್ಸಿ ಅರಬೀ ಮೂಲದವು. ಅರಬೀಯ ‘ನಅ್ಲ್’ ಉರ್ದುವಿನಲ್ಲಿ ‘ನಾಲ್’ ಆಗಿ, ನಮ್ಮ ರೈತನ ಬಾಯಲ್ಲಿ ‘ಲಾಳ’ವಾಗಿ, ಕುದುರೆಯ ಕಾಲಿನಿಂದ ಎತ್ತಿನ ಕಾಲಿಗೂ ಹೋಯಿತು. ಆ ಕಸುಬಿನ ನಾಲ್‌ಬಂದ್ ಮನೆತನಗಳು ನಮ್ಮ ಊರುಗಳಲ್ಲಿವೆ. ಇದು ಒಂದೇ ದಿಕ್ಕಿನ ವ್ಯಾಪಾರವೂ ಆಗಿರಲಿಲ್ಲ. ಸಂಸ್ಕೃತದ ಶಾಲಿಹೋತ್ರ ಅಶ್ವಶಾಸ್ತ್ರ ಪಾರ್ಸಿಗೆ ಮತ್ತೆ ಮತ್ತೆ ಅನುವಾದವಾಯಿತು. ಉರ್ದುವಿನಲ್ಲಿ ಕುದುರೆ ವೈದ್ಯನಿಗೆ ‘ಸಾಲೋತ್ರಿ’ ಎಂಬ ಹೆಸರು ಬಂದದ್ದು ಆ ಶಾಲಿಹೋತ್ರ ಋಷಿಯಿಂದಲೇ. ಕುದುರೆಯ ಕಾಲಿಗೆ ಕಬ್ಬಿಣ ಕಟ್ಟುವ ಪದವನ್ನು ಕನ್ನಡಿಗ ಅರಬನಿಂದ ಪಡೆದ, ಕುದುರೆಯ ಜ್ವರ ನೋಡುವವನ ಹೆಸರನ್ನು ಮುಸಲ್ಮಾನ ಸಂಸ್ಕೃತದಿಂದ ಪಡೆದ.

ಆದರೆ ಇಲ್ಲಿ ಒಂದು ಸಂಗತಿ ಗಮನಿಸಬೇಕು. ಕುದುರೆಗೆ ತೊಡಿಸುವ ವಸ್ತುಗಳ ಹೆಸರು ಹೊರಗಿನಿಂದ ಬಂದರೂ ಅದರ ಕೂಗಿನ ಹೆಸರು ಬರಲಿಲ್ಲ. ‘ಕುದುರೆ’ ನಮ್ಮದೇ ಪದ, ತಮಿಳಿನಲ್ಲಿ ‘ಕುದಿರೈ’. ‘ಕೆನೆ’ ಎಂಬ ಕ್ರಿಯಾಪದವೂ ನಮ್ಮದೇ, ತಮಿಳಿನಲ್ಲಿ ಅದು ‘ಕನೈ’. ಸಂಸ್ಕೃತದಿಂದ ಹೇಷೆ, ಹ್ರೇಷೆಗಳು ಬಂದು ‘ಹೇಷಾರವ’ ಗ್ರಂಥಗಳಲ್ಲಿ ನೆಲೆಸಿತು. ಕನ್ನಡ ಕಾವ್ಯದಲ್ಲಿ ಅರಸನ ಕುದುರೆ ಹೇಷಾರವ ಮಾಡಿದರೆ ಜಟಕಾದ ಕುದುರೆ ಕೆನೆಯುತ್ತದೆ. ದಖನಿಯವನ ಮನೆಯಲ್ಲಿ ಅದು ಹಿನ್‌ಹಿನ್ ಎನ್ನುತ್ತದೆ. ಸರಕಿನ ಹೆಸರನ್ನು ಕೊಟ್ಟವನಿಂದ ಪಡೆಯಬಹುದು. ಸದ್ದನ್ನು ಮಾತ್ರ ಪ್ರತಿಯೊಬ್ಬನೂ ತನ್ನ ಕಿವಿಯಿಂದಲೇ ಕೇಳಿ ಹೆಸರಿಡಬೇಕು.

ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಕನ್ನಡಕ್ಕೆ ಸೇರಿಕೊಂಡ ಅರಬೀ ಪಾರ್ಸಿ ಪದಗಳನ್ನು ಹೆಕ್ಕಿ ಹೊರಹಾಕಬೇಕೆಂದು ಆವೇಶದಿಂದ ಮಾತಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಯೋಚಿಸುತ್ತಿದ್ದೆ. ಲಗಾಮು, ಜೀನು, ರಿಕಾಪು, ಲಾಳಗಳನ್ನು ಕಳಚಿದರೆ ಮೊದಲು ನೆಲಕ್ಕೆ ಬೀಳುವವನು ಸವಾರ. ಅವನೂ ಪಾರ್ಸಿಯವನೇ ಆದ್ದರಿಂದ ದ್ವಿಚಕ್ರ ಸವಾರರಿಗೆ ಹೆಲ್ಮೆಟ್ ಕಡ್ಡಾಯವೆಂದು ಬರೆದ ಫಲಕಗಳನ್ನೂ ಇಳಿಸಬೇಕಾಗುತ್ತದೆ. ಉಳಿಯುವುದು ಕುದುರೆ ಮತ್ತು ಕೆನೆತ ಮಾತ್ರ. ಇದೇ ರೀತಿ ಉರ್ದುವಿನಿಂದ ಸಂಸ್ಕೃತ, ಪ್ರಾಕೃತಗಳನ್ನು ತೆಗೆಯಬೇಕೆನ್ನುವವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಘೋಡಾ ಎಂಬ ಕುದುರೆಯೇ ಉಳಿಯುವುದಿಲ್ಲ, ಅದು ಸಂಸ್ಕೃತದ ಘೋಟಕ.

ಅಂದು ನಾನು ಎದ್ದು ನಿಂತು ಇದನ್ನು ಹೇಳಲಿಲ್ಲ. ಹೇಳಬೇಕಿತ್ತು ಎಂಬ ಸಂಕಟ ಇನ್ನೂ ಇದೆ.

ವಿಜ್ಞಾನಿಗಳೂ ಈಗ ಕುದುರೆಯ ದನಿಗೆ ಕಿವಿಗೊಟ್ಟಿದ್ದಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಎಲೊಡಿ ಬ್ರೀಫರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದೇ ಕೆನೆತದಲ್ಲಿ ಏಕಕಾಲಕ್ಕೆ ಎರಡು ಮೂಲ ಸ್ವರಗಳಿರುತ್ತವೆ. ಕುದುರೆಯ ಭಾವ ಎಷ್ಟು ತೀವ್ರ ಎಂಬುದನ್ನು ಒಂದು ಸ್ವರ ತಿಳಿಸಿದರೆ ಅದು ಸುಖದ್ದೋ ದುಃಖದ್ದೋ ಎಂಬುದನ್ನು ಇನ್ನೊಂದು ತಿಳಿಸುತ್ತದೆ. ಜೊತೆಗಾರ ಕುದುರೆಯನ್ನು ಬೇರ್ಪಡಿಸಿದಾಗ ಮತ್ತು ಮರಳಿ ಸೇರಿಸಿದಾಗ ಹೊರಟ ಕೆನೆತಗಳನ್ನು ಅವರು ಯಂತ್ರಗಳಲ್ಲಿ ಹಿಡಿದು ಹೋಲಿಸಿದರು. ಅಗಲಿಕೆಯ ಕೆನೆತ ಬೇರೆ, ಭೇಟಿಯ ಕೆನೆತ ಬೇರೆ. ನೈಸಾಪುರದ ಸಆಲಿಬಿ ಇದನ್ನು ಓದಿದ್ದರೆ ತಲೆದೂಗುತ್ತಿದ್ದರು.

ಮೈಸೂರಿನಲ್ಲಿ ಪ್ರವಾಸಿಗರಿಗಾಗಿ ಟಾಂಗಾಗಳು ಉಳಿದಿವೆ. ನಮ್ಮ ಊರಿನಲ್ಲಿ ಜಟಕಾ ನಿಲ್ದಾಣವಿದ್ದ ಜಾಗದಲ್ಲಿ ಆಟೋಗಳು ನಿಲ್ಲುತ್ತವೆ. ಡಿ.ವಿ.ಜಿ.ಯವರು ಕಗ್ಗದಲ್ಲಿ ವಿಧಿಗೆ ಹೋಲಿಕೆಯಾಗಿ ಆರಿಸಿಕೊಂಡ ಜಟಕಾ ಸಾಹೇಬ ಯಾರೆಂದು ಇಂದಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ನಾನಾ ತಮ್ಮ ಕುದುರೆಯನ್ನು ಮಾರಿದ ದಿನ ನಾನು ಮನೆಯಲ್ಲಿದ್ದೆ. ಕೊಂಡವನು ಹಗ್ಗ ಹಿಡಿದು ಬೀದಿಯ ತಿರುವಿನವರೆಗೆ ನಡೆಸಿಕೊಂಡು ಹೋದಾಗ ಅದು ಒಮ್ಮೆ ನಿಂತು ತಲೆ ತಿರುಗಿಸಿತು. ದೂರ ಹೆಚ್ಚಿದ್ದರಿಂದ ನನಗೆ ಏನೂ ಕೇಳಿಸಲಿಲ್ಲ. ನಾನಾ ಮಾತ್ರ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, “ಬುಲಾರಾ” ಎಂದರು.

ನಾನು ಅಬೂ ಉಬೈದಾರ ಪೈಕಿ, ಕೇಳಿದ್ದನ್ನು ಬರೆದುಕೊಂಡವನು. ಮುಂಗೂದಲು ಹಿಡಿದು ಹೆಸರು ಹೇಳಬಲ್ಲವರು ಅವರು. ಕನ್ನಡದ ಯಾವುದೋ ಊರಿನಲ್ಲಿ ಇನ್ನೂ ಕುದುರೆ ಸಾಕುವ ಮುದುಕರಿದ್ದರೆ, ಅವರು ಯಾವ ಜಾತಿ ಮತದವರಾದರೂ ಸರಿ, ಅವರ ಬಳಿ ಕೂತು ಆ ಮೆದುದನಿಗೆ ಅವರು ಏನೆನ್ನುತ್ತಾರೆಂದು ಯಾರಾದರೂ ಕೇಳಿ ಬರೆದಿಡಬೇಕು. ನಮ್ಮ ಪಠ್ಯಪುಸ್ತಕ ಕೊಟ್ಟ ‘ಕೆನೆತ’ವೊಂದರಲ್ಲಿ ಅದೆಲ್ಲ ಅಡಗುವುದಿಲ್ಲ.